ಕಂಬಿ ಹೋದರೂ ದಾರಿ ಉಳಿಯಲಿ

ಬೆಂಗಳೂರಿನ ಪಶ್ಚಿಮಕ್ಕೂ ನೈರುತ್ಯಕ್ಕೂ ನಾಲ್ಕು ಊರುಗಳಿವೆ: ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ. ರಾಮನಗರ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದುದು. ಚನ್ನಪಟ್ಟಣ ಅರಗಿನ ಬಣ್ಣದ ಮರದ ಗೊಂಬೆಗಳಿಗೆ. ಮಾಗಡಿ ಕೆಂಪೇಗೌಡರ ವಂಶದವರು ಆಳಿದ ಸ್ಥಳ. ಹಿಂದೆ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರ ಅರ್ಕಾವತಿಯ ದಂಡೆಯ ಊರು. ನಾಲ್ಕೂ ಹಳೆಯ ಪಟ್ಟಣಗಳೇ, ನಾಲ್ಕೂ ಒಂದೇ ಸೀಮೆಯವೇ. ಆದರೆ ಇವುಗಳಲ್ಲಿ ಮೊದಲನೆಯ ಎರಡು ಊರುಗಳಿಗೆ ರೈಲು ಉಂಟು, ಉಳಿದೆರಡಕ್ಕೆ ಇಲ್ಲ. ರಾಮನಗರದಿಂದ ಕನಕಪುರಕ್ಕೆ ಮೂವತ್ತು ಕಿಲೋಮೀಟರು ಸಹ ಆಗದು, ಮಾಗಡಿಗೆ ನಲವತ್ತರ ಒಳಗೆ. ಇಷ್ಟು ಕಡಮೆ ಅಂತರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಹೇಗೆ ಬಂದಿತು?

ಉತ್ತರವು ಸುಮಾರು 150 ವರ್ಷಗಳ ಹಿಂದಿನದು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ದೊಡ್ಡ ಬರದ ಕಾಲದಲ್ಲಿ, ಹಸಿದ ಜನರಿಗೆ ಕೂಲಿ ಒದಗಿಸುವ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ರೈಲುದಾರಿಯೂ ಒಂದಾಗಿದ್ದಿತು. ಮೀಟರ್ ಗೇಜಿನ ಈ ದಾರಿ ರಾಮನಗರ, ಚನ್ನಪಟ್ಟಣಗಳ ಮೇಲೆ ಹಾದು, 1882ರಲ್ಲಿ ಮೈಸೂರನ್ನು ಮುಟ್ಟಿತು. ಒಟ್ಟು ಉದ್ದ ಸುಮಾರು 138 ಕಿಲೋಮೀಟರು. ಅಂದು ಮಣ್ಣು ಹೊತ್ತವರು ಏರಿಸಿದ ದಿಬ್ಬದ ಸಾಲಿನಲ್ಲಿಯೇ ಇಂದು ಬ್ರಾಡ್ ಗೇಜಿನ ಜೋಡಿ ಹಳಿ ಇದೆ, ವಿದ್ಯುತ್ತಿನ ರೈಲುಗಳು ಓಡುತ್ತಿವೆ. ಎಂಜಿನ್ನು ಬದಲಾಯಿತು, ಹಳಿಯ ಅಗಲ ಬದಲಾಯಿತು, ರಾಮನಗರಕ್ಕೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರೂ ಬದಲಾಯಿತು. ದಾರಿ ಮಾತ್ರ ಬಹುಮಟ್ಟಿಗೆ ಅದೇ.

ಈ ಒಂದು ಸಂಗತಿಯನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ರೈಲು ಎಂಬುದು ಬೇರೆ, ರೈಲಿನ ದಾರಿ ಎಂಬುದು ಬೇರೆ. ನಮ್ಮ ರಾಜ್ಯದಲ್ಲಿ ಒಂದು ಕಾಲಕ್ಕೆ ರೈಲು ಓಡಿ, ಅನಂತರ ನಿಂತುಹೋದ ದಾರಿಗಳು ಹಲವು ಇವೆ. ಅವುಗಳಲ್ಲಿ ಕೆಲವು ಮರಳಿ ಬಂದಿವೆ, ಕೆಲವು ಬಾರದಂತೆ ಹೋಗಿವೆ. ಯಾವುದು ಏಕೆ ಉಳಿಯಿತು, ಯಾವುದು ಏಕೆ ಅಳಿಯಿತು ಎಂಬುದನ್ನು ತಿಳಿದರೆ, ರೈಲನ್ನು ಇನ್ನೂ ಕಾಣದ ಕನಕಪುರ, ಮಾಗಡಿಗಳ ವಿಚಾರವೂ ಸ್ಪಷ್ಟವಾಗುತ್ತದೆ.

ಮೊದಲು, ಓಡುತ್ತಿರುವ ರೈಲು ಏಕೆ ನಿಲ್ಲುತ್ತದೆ ಎಂಬುದನ್ನು ನೋಡೋಣ. ಎರಡು ಕಂಬಿಗಳ ನಡುವಣ ಅಂತರಕ್ಕೆ ಗೇಜ್ ಎನ್ನುತ್ತಾರೆ. ನಮ್ಮ ದೇಶದ ಬ್ರಾಡ್ ಗೇಜಿನಲ್ಲಿ ಈ ಅಂತರ 1676 ಮಿಲಿಮೀಟರು, ಅಂದರೆ ಐದೂವರೆ ಅಡಿ. ಮೀಟರ್ ಗೇಜಿನಲ್ಲಿ ಹೆಸರೇ ಹೇಳುವಂತೆ ಒಂದು ಮೀಟರು. ಇವೆರಡಕ್ಕಿಂತ ಕಿರಿದಾದುದು ನ್ಯಾರೋ ಗೇಜು. ಅದರಲ್ಲಿಯೂ ಎರಡೂವರೆ ಅಡಿ, ಎರಡು ಅಡಿ ಎಂಬ ಭೇದಗಳಿದ್ದುವು. ಕಿರಿದಾದ ಹಳಿಗೆ ಖರ್ಚು ಕಡಮೆ, ತಿರುವುಗಳನ್ನು ಬಿಗಿಯಾಗಿ ತಿರುಗಿಸಬಹುದು, ಸೇತುವೆಗಳು ಸಣ್ಣವಾದರೂ ಸಾಕು. ಹಣ ಹೆಚ್ಚಿಲ್ಲದ ಸಂಸ್ಥಾನವೊಂದು ಹಳ್ಳಿಗಾಡಿಗೆ ರೈಲು ಒಯ್ಯಬೇಕಾದರೆ ಇದೇ ಸುಲಭ ಮಾರ್ಗವಾಗಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ವರ್ಷಗಳಲ್ಲಿ ಇಂಥ ದಾರಿಗಳು ಕೆಲವು ಹುಟ್ಟಿಕೊಂಡುವು.

ಆದರೆ ಅಗ್ಗದ ಹಳಿಗೂ ಒಂದು ಶುಲ್ಕವುಂಟು. ಕಿರುಹಳಿಯ ಬಂಡಿ ದೊಡ್ಡ ಹಳಿಯ ಮೇಲೆ ಹೋಗಲಾರದು. ಎರಡೂ ಸೇರುವ ಸ್ಟೇಷನ್ನಿನಲ್ಲಿ ತರಕಾರಿಯ ಮೂಟೆಯಿರಲಿ, ಮರದ ದಿಮ್ಮಿಯಿರಲಿ, ಒಂದು ವ್ಯಾಗನ್ನಿನಿಂದ ಇಳಿಸಿ ಮತ್ತೊಂದಕ್ಕೆ ಹೇರಬೇಕು. ಅದಕ್ಕೆ ಕೂಲಿ, ಅದಕ್ಕೆ ಕಾಲ, ಅದರಲ್ಲಿ ನಷ್ಟ. ಲಾರಿಯಾದರೋ ಹೊಲದ ಬದಿಯಲ್ಲಿ ಹೇರಿಕೊಂಡು ಮಂಡಿಯ ಬಾಗಿಲಿನಲ್ಲಿಯೇ ಇಳಿಸುತ್ತದೆ. ಮೋಟಾರು ರಸ್ತೆಗಳು ಬೆಳೆದಂತೆಲ್ಲ ಸರಕು ಮೊದಲು ರೈಲನ್ನು ಬಿಟ್ಟಿತು, ಅದರ ಹಿಂದೆ ಪ್ರಯಾಣಿಕರೂ ಬಿಟ್ಟರು. ಪ್ರಯಾಣಿಕರು ಕಡಮೆಯಾದರೆಂದು ದಿನಕ್ಕೆ ನಾಲ್ಕಿದ್ದ ಗಾಡಿಗಳು ಎರಡಾದರೆ, ಎರಡೇ ಇವೆಯೆಂದು ಪ್ರಯಾಣಿಕರು ಇನ್ನಷ್ಟು ಕಡಮೆಯಾಗುತ್ತಾರೆ. ಖರ್ಚನ್ನು ಹಿಡಿದಿಡಬೇಕೆಂದು ಹಳಿಯ ರಿಪೇರಿ ತಡೆದರೆ ವೇಗ ತಗ್ಗುತ್ತದೆ. ವೇಗ ತಗ್ಗಿದರೆ ಬಸ್ಸೇ ಮೇಲೆಂದು ಜನ ಹೇಳುತ್ತಾರೆ. ಕಡೆಗೆ ಒಂದು ದಿನ ‘ಈ ದಾರಿಯನ್ನು ಯಾರೂ ಬಳಸುತ್ತಿಲ್ಲ’ ಎಂದು ಬರೆದು ಗಾಡಿಯನ್ನು ನಿಲ್ಲಿಸುತ್ತಾರೆ. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಲೆಕ್ಕ ಬರೆಯುವ ರೀತಿಯಲ್ಲಿಯೂ ಒಂದು ತೊಡಕುಂಟು. ಕವಲು ದಾರಿಯ ಸಣ್ಣ ಸ್ಟೇಷನ್ನಿನಲ್ಲಿ ರೈಲು ಹತ್ತಿದವನು ಅಲ್ಲಿಂದ ಇಪ್ಪತ್ತು ಕಿಲೋಮೀಟರು ಬಂದು, ಮುಖ್ಯ ದಾರಿಯಲ್ಲಿ ಮುನ್ನೂರು ಕಿಲೋಮೀಟರು ಮುಂದೆ ಹೋಗುತ್ತಾನೆಂದು ಇಟ್ಟುಕೊಳ್ಳಿ. ಪ್ರತಿಯೊಂದು ದಾರಿಗೂ ಅದರಲ್ಲಿ ಓಡಿದಷ್ಟು ದೂರದ ಹಣವನ್ನು ಮಾತ್ರ ಕೊಡುವ ಲೆಕ್ಕದಲ್ಲಿ ಕವಲಿಗೆ ಸಿಗುವುದು ಕೊಂಚವೇ, ಮಿಕ್ಕುದೆಲ್ಲ ಮುಖ್ಯ ದಾರಿಯದು. ಆ ಪುಸ್ತಕವನ್ನು ನೋಡಿದವರಿಗೆ ಕವಲು ನಷ್ಟದ ಬಾಬು, ಮುಖ್ಯ ದಾರಿ ಲಾಭದ ಬಾಬು. ಆದರೆ ಕವಲೇ ಇಲ್ಲದಿದ್ದರೆ ಆ ಪ್ರಯಾಣಿಕ ಮುಖ್ಯ ದಾರಿಗೂ ಬಾರದೆ ಹೋಗಬಹುದಾಗಿತ್ತು. ಹಳ್ಳ ಬತ್ತಿದರೆ ಹೊಳೆಗೆ ನೀರೆಲ್ಲಿ? ಒಂದು ಕವಲು ಉಳಿಸಲು ಯೋಗ್ಯವೋ ಅಲ್ಲವೋ ಎಂಬುದನ್ನು ಅದರ ಸ್ವಂತ ಲೆಕ್ಕದಿಂದಲೇ ತೀರ್ಮಾನಿಸಲಾಗದು.

ಈಗ ಮೂರು ಉದಾಹರಣೆಗಳನ್ನು ನೋಡೋಣ. ಮೊದಲನೆಯದು ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಎರಡು ಅಡಿ ಅಗಲದ ಕಿರುರೈಲು. ಸುಮಾರು 43 ಕಿಲೋಮೀಟರಿನ ಈ ದಾರಿ ವಿಶ್ವೇಶ್ವರಯ್ಯನವರ ಕಾಲದ್ದು. ಬೀರೂರು–ಶಿವಮೊಗ್ಗ ರೈಲಿಗೆ ಮಲೆನಾಡಿನ ಒಳಭಾಗವನ್ನು ಸೇರಿಸುತ್ತಿದ್ದಿತು. ಇಂದು ಅದು ಇಲ್ಲ. ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಬಂದ ಮೇಲೆ ಆ ಸೀಮೆಯ ರೂಪವೇ ಬದಲಾಯಿತು. ಜಲಾಶಯದ ಹಿನ್ನೀರು ನರಸಿಂಹರಾಜಪುರದ ಕಡೆಗೆ ಹರಡಿ ನಿಂತಿದೆ. ರೈಲು ಮಾತ್ರ ಆ ಊರಿಗೆ ಮತ್ತೆ ಬರಲಿಲ್ಲ. ಇಲ್ಲಿ ರೈಲೂ ಹೋಯಿತು, ದಾರಿಯೂ ಹೋಯಿತು.

ಎರಡನೆಯದು ಕೋಲಾರದ ಕಡೆಯದು. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಮೇಲೆ ಯಲಹಂಕವನ್ನು ಮುಟ್ಟುವ ಎರಡೂವರೆ ಅಡಿಯ ದಾರಿ 1913ರಿಂದ ಮುಂದಿನ ಕೆಲವು ವರ್ಷಗಳಲ್ಲಿ ತುಂಡುತುಂಡಾಗಿ ಸಿದ್ಧವಾಯಿತು. ದಶಕಗಳ ಕಾಲ ಈ ಪುಟ್ಟ ಗಾಡಿ ಆ ಜಿಲ್ಲೆಯ ಜನರನ್ನೂ ಬೆಳೆಯನ್ನೂ ಸಾಗಿಸಿತು. ಮುಂದೆ 1992ರಲ್ಲಿ, ದೇಶದ ದಾರಿಗಳನ್ನೆಲ್ಲ ಸಾಧ್ಯವಾದಷ್ಟು ಒಂದೇ ಬ್ರಾಡ್ ಗೇಜಿಗೆ ತರಬೇಕೆಂಬ ಯೋಜನೆ ಆರಂಭವಾಯಿತು. ಆಗ ಯಲಹಂಕ–ಚಿಕ್ಕಬಳ್ಳಾಪುರ ಹಾಗೂ ಬಂಗಾರಪೇಟೆ–ಕೋಲಾರ ಎಂಬ ಎರಡು ತುದಿಗಳು ಮೊದಲು ಬ್ರಾಡ್ ಗೇಜಾದುವು. ನಡುವಣ ಕೋಲಾರ–ಚಿಕ್ಕಬಳ್ಳಾಪುರ ಭಾಗದಲ್ಲಿ ರೈಲು ನಿಂತುಹೋಯಿತು. ಅನೇಕರು ಅದನ್ನು ಮುಗಿದ ಕಥೆ ಎಂದೇ ಎಣಿಸಿರಬಹುದು. ಆದರೆ ನೆಲ ರೈಲ್ವೆಯ ಕೈಯಲ್ಲಿಯೇ ಇದ್ದಿತು. ಆದ ಕಾರಣ ತಡವಾಗಿಯಾದರೂ, 2013ರಲ್ಲಿ ಆ ಭಾಗವೂ ಬ್ರಾಡ್ ಗೇಜಾಗಿ ರೈಲು ಮತ್ತೆ ಓಡಿತು.

ಈ ದಾರಿಯಲ್ಲಿ ಇನ್ನೊಂದು ವಿಶೇಷವುಂಟು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವಾಗ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಎಂಬ ಸಣ್ಣ ಸ್ಟೇಷನ್ನುಗಳು ಸಿಗುತ್ತವೆ. ಇವನ್ನು ಕಟ್ಟಿದವರು ನಂದಿಬೆಟ್ಟದ ಯಾತ್ರಿಕರನ್ನೂ ಸಂತೆಗೆ ಹೋಗುವ ರೈತರನ್ನೂ ನೆನೆದಿರಬಹುದು, ವಿಮಾನವನ್ನಂತೂ ನೆನೆದಿರಲಾರರು. ಆದರೆ 2008ರಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಆರಂಭವಾದುದು ಇದೇ ದಾರಿಯ ಪಕ್ಕದಲ್ಲಿ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹೆಸರಿನ ಹಾಲ್ಟಿನಲ್ಲಿ ರೈಲು ನಿಲ್ಲತೊಡಗಿತು. ಈ ದಾರಿಯನ್ನು ‘ನಷ್ಟದ ಬಾಬು’ ಎಂದು ಕಿತ್ತು, ನೆಲವನ್ನು ಹಂಚಿಬಿಟ್ಟಿದ್ದರೆ, ಅಲ್ಲಿ ಹೊಸದಾಗಿ ಹಳಿ ಹಾಕಲು ಇಂದಿನ ಬೆಲೆಯಲ್ಲಿ ಎಷ್ಟು ಹಣ ಬೇಕಾಗುತ್ತಿತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಮೂರನೆಯದು ಶಿವಮೊಗ್ಗ–ತಾಳಗುಪ್ಪ ದಾರಿ. ಶಿವಮೊಗ್ಗಕ್ಕೆ 1899ರಲ್ಲಿಯೇ ಬಂದಿದ್ದ ಮೀಟರ್ ಗೇಜು ಮುಂದೆ ಆನಂದಪುರ, ಸಾಗರಗಳ ಮೇಲೆ ಬೆಳೆದು, 1940ರ ಸುಮಾರಿಗೆ ಜೋಗದ ನೆರೆಯ ತಾಳಗುಪ್ಪವನ್ನು ಸೇರಿತು. ಅಲ್ಲಿಂದ ಮುಂದೆ ಘಟ್ಟ. ಆದುದರಿಂದ ದಾರಿ ಅಲ್ಲಿಗೇ ಮುಗಿಯುತ್ತದೆ. ಇಂಥ ಮೂಲೆಯ ದಾರಿಯಲ್ಲಿ ಜನ ಕಡಮೆಯಾದಾಗ ಒಂದು ಉಪಾಯ ಮಾಡಿದರು. ಪೂರ್ತಿ ರೈಲಿನ ಬದಲು ‘ರೈಲ್‌ಬಸ್’ ಎಂಬ ಒಂಟಿ ಗಾಡಿಯನ್ನು ಓಡಿಸಿದರು. ನೋಡಲು ಬಸ್ಸು, ಚಕ್ರ ಮಾತ್ರ ರೈಲಿನದು. ಎಂಜಿನ್ನು ಬೇರೆ ಬೇಡ, ಸಿಬ್ಬಂದಿ ಕಡಮೆ. ಅದರಿಂದ ಲಾಭವೆಷ್ಟು ಬಂದಿತೋ ಬೇರೆ ಮಾತು. ದಾರಿಗೆ ಜೀವವಂತೂ ಉಳಿಯಿತು. 2011ರ ವೇಳೆಗೆ ಅದು ಬ್ರಾಡ್ ಗೇಜಾಯಿತು. ಈಗ ಮೈಸೂರಿನಿಂದ ಹೊರಟು, ಚನ್ನಪಟ್ಟಣ, ರಾಮನಗರಗಳ ಮೇಲೆ ಬೆಂಗಳೂರಿಗೆ ಬಂದು, ರಾತ್ರಿಯೆಲ್ಲ ಓಡಿ ತಾಳಗುಪ್ಪವನ್ನು ಮುಟ್ಟುವ ರೈಲೂ ಉಂಟು. ಅಳ್ನಾವರದಿಂದ ದಾಂಡೇಲಿಯ ಕಡೆಗೆ ಹೋಗುವ ಕವಲಿನಲ್ಲಿಯೂ ಬಹು ವರ್ಷ ಪ್ರಯಾಣಿಕರ ಗಾಡಿ ನಿಂತಿದ್ದು, 2019ರಲ್ಲಿ ಮತ್ತೆ ಓಡಿತು. ಅಲ್ಲಿಯೂ ಹಳಿಯ ನೆಲ ಕೈಬಿಟ್ಟಿರಲಿಲ್ಲ.

ಈ ಉದಾಹರಣೆಗಳಿಂದ ಏಳುವ ಮಾತು ಒಂದೇ. ರೈಲು ನಿಂತರೆ ಮತ್ತೆ ಓಡಿಸಬಹುದು. ಕಂಬಿ ಕಿತ್ತರೆ ಮತ್ತೆ ಹಾಕಬಹುದು. ಆದರೆ ನೆಲದ ಪಟ್ಟಿ ಕೈಬಿಟ್ಟರೆ ಅದನ್ನು ಮತ್ತೆ ಕೂಡಿಸುವುದು ಬಹು ಕಷ್ಟ. ಏಕೆಂದರೆ ರೈಲಿನ ದಾರಿ ಎಂದರೆ ಎಲ್ಲೆಂದರಲ್ಲಿ ಸಿಗುವ ನೆಲವಲ್ಲ. ಮೋಟಾರು ರಸ್ತೆ ದಿಣ್ಣೆಯನ್ನು ಹತ್ತಿ ಇಳಿಯುತ್ತದೆ, ಬೇಕಾದಲ್ಲಿ ತಟ್ಟನೆ ತಿರುಗುತ್ತದೆ. ಭಾರವಾದ ರೈಲಿಗೆ ಅದು ಸಾಗದು. ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಏರಿದರೆ ಅದೇ ಅದಕ್ಕೆ ಗಣನೀಯವಾದ ಏರು. ಆದುದರಿಂದ ರೈಲುದಾರಿಯನ್ನು ಅಳೆಯುವವರು ತಗ್ಗನ್ನು ತುಂಬಿ, ದಿಣ್ಣೆಯನ್ನು ಕಡಿದು, ನಿಧಾನವಾಗಿ ಬಾಗುವ ಒಂದು ಗೆರೆಯನ್ನು ಹುಡುಕುತ್ತಾರೆ. ರಾಮನಗರದಂಥ ಬಂಡೆಗಲ್ಲಿನ ಬೆಟ್ಟಗಳ ನಾಡಿನಲ್ಲಿ, ಸಾವನದುರ್ಗದ ನೆರೆಯ ಮಾಗಡಿಯ ಸೀಮೆಯಲ್ಲಿ, ಅಂಥ ಗೆರೆಗಳು ಹೆಚ್ಚು ಇರಲಾರವು.

ಎರಡನೆಯದಾಗಿ, ಆ ಗೆರೆ ಎಲ್ಲಿಯೂ ತುಂಡಾಗಬಾರದು. ನೂರು ಅಡಿ ಅಗಲದ ಪಟ್ಟಿ ಎಂದಿಟ್ಟುಕೊಂಡರೆ, ಕಿಲೋಮೀಟರೊಂದಕ್ಕೆ ಸುಮಾರು ಏಳೂವರೆ ಎಕರೆ ನೆಲ ಬೇಕು. ನೂರು ಕಿಲೋಮೀಟರಿಗೆ 750 ಎಕರೆ. ಇದರಲ್ಲಿ 749 ಎಕರೆ ಕೈಯಲ್ಲಿದ್ದು, ನಡುವಣ ಒಂದು ಎಕರೆಯಲ್ಲಿ ಬಡಾವಣೆ ಎದ್ದರೆ ಇಡೀ ದಾರಿಗೇ ಅಡ್ಡಿ. ಹಾರದ ಎಳೆ ಒಂದು ಕಡೆ ಕಡಿದರೆ ಮಣಿಗಳೆಲ್ಲ ಉದುರುವಂತೆ.

ಹೊರದೇಶಗಳೂ ಈ ಪಾಠವನ್ನು ಕಲಿತಿವೆ. ಇಂಗ್ಲೆಂಡಿನಲ್ಲಿ 1963ರಲ್ಲಿ ಬೀಚಿಂಗ್ ಎಂಬವರು ಕೊಟ್ಟ ವರದಿಯ ಮೇಲೆ ನೂರಾರು ಸಣ್ಣ ದಾರಿಗಳನ್ನೂ ಸ್ಟೇಷನ್ನುಗಳನ್ನೂ ಮುಚ್ಚಿದರು. ಸ್ಕಾಟ್ಲೆಂಡಿನ ಗಡಿಸೀಮೆಗೆ ಹೋಗುತ್ತಿದ್ದ ದಾರಿಯನ್ನು 1969ರಲ್ಲಿ ಮುಚ್ಚಿ, ಅದರಲ್ಲಿ ಸುಮಾರು 48 ಕಿಲೋಮೀಟರನ್ನು ಬಹಳ ಹಣ ಸುರಿದು 2015ರಲ್ಲಿ ಮತ್ತೆ ತೆರೆದರು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಗರಗಳನ್ನು ಸೇರಿಸುತ್ತಿದ್ದ ದಾರಿಯ ಕಥೆ ಇನ್ನೂ ವಿಚಿತ್ರ. ಅದನ್ನು ಮುಚ್ಚಿದ ಮೇಲೆ ಕೇಂಬ್ರಿಜ್ ಕಡೆಯ ನೆಲ ಬೇರೆ ಬೇರೆ ಕೈ ಸೇರಿತು. ಒಂದು ಕಡೆ ಹಳಿಯಿದ್ದ ನೇರವಾದ ಜಾಗದಲ್ಲಿಯೇ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕಗಳನ್ನು ನಿಲ್ಲಿಸಿದರು. ಈಗ ಆ ನಗರಗಳ ನಡುವೆ ರೈಲು ಬೇಕೆಂದಾಗ, ನೆಲ ಉಳಿದಿದ್ದ ಆಕ್ಸ್‌ಫರ್ಡ್ ಕಡೆಯಲ್ಲಿ ಹಳೆಯ ದಾರಿಯನ್ನೇ ಬಳಸುತ್ತಿದ್ದಾರೆ. ಕೇಂಬ್ರಿಜ್ ಕಡೆಯಲ್ಲಿ ಹೊಸ ದಾರಿಯನ್ನು ಹುಡುಕಬೇಕಾಗಿದೆ.

ಅಮೆರಿಕೆಯವರು 1983ರಲ್ಲಿ ಒಂದು ಕಾನೂನು ಮಾಡಿದರು. ರೈಲು ನಿಂತ ದಾರಿಯನ್ನು ತುಂಡುತುಂಡಾಗಿ ಮಾರದೆ, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡಬಹುದು. ಮುಂದೆ ರೈಲು ಬೇಕಾದರೆ ಆ ಪಟ್ಟಿಯನ್ನು ಮರಳಿ ರೈಲಿಗೇ ಬಳಸಬಹುದು. ಇದನ್ನು ದಾರಿಯನ್ನು ಬ್ಯಾಂಕಿನಲ್ಲಿ ಇಡುವುದೆಂದು ಕರೆಯುತ್ತಾರೆ. ಗೃಹಿಣಿಯರಿಗೆ ಈ ಮಾತು ಬೇಗ ತಿಳಿಯುತ್ತದೆ. ಒಡವೆಯನ್ನು ಅಡವಿಟ್ಟರೆ ಬಿಡಿಸಿಕೊಳ್ಳಬಹುದು, ಮಾರಿದರೆ ಹೋಯಿತು.

ಇನ್ನು ನಮ್ಮ ನಾಲ್ಕು ಊರುಗಳಿಗೆ ಬರೋಣ. ರಾಮನಗರ, ಚನ್ನಪಟ್ಟಣಗಳಿಗೆ ಬರಗಾಲದ ಕೂಲಿಗಳು ಕಟ್ಟಿಕೊಟ್ಟ ದಾರಿಯೇ ಇಂದಿಗೂ ಆಸ್ತಿ. ಮಾಗಡಿ, ಕನಕಪುರಗಳ ಪಾಲಿಗೆ 1996–97ರಲ್ಲಿ ಎರಡು ಯೋಜನೆಗಳು ಮಂಜೂರಾದುವು. ಒಂದು, ಬೆಂಗಳೂರಿನಿಂದ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ಹಾಸನಕ್ಕೆ ಹೋಗುವ ದಾರಿ. ಇದು ಮಾಗಡಿ ತಾಲ್ಲೂಕಿನ ಸೋಲೂರನ್ನು ಹಾದುಹೋಗುತ್ತದೆ. ಇಪ್ಪತ್ತು ವರ್ಷ ಹಿಡಿದರೂ ಕೆಲಸ ಮುಗಿದು, 2017ರಲ್ಲಿ ರೈಲು ಓಡಿತು. ಮಾಗಡಿ ಪಟ್ಟಣಕ್ಕೆ ಅಲ್ಲವಾದರೂ ತಾಲ್ಲೂಕಿನ ಬಡಗಣ ಅಂಚಿಗೆ ರೈಲು ಬಂದಿತು. ಇನ್ನೊಂದು, ಮೈಸೂರು ದಾರಿಯ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ 142 ಕಿಲೋಮೀಟರಿನ ದಾರಿ. ಚಾಮರಾಜನಗರಕ್ಕೆ ಮೈಸೂರು, ನಂಜನಗೂಡುಗಳ ಕಡೆಯಿಂದ 1926ರಲ್ಲಿಯೇ ರೈಲು ಬಂದಿದೆ. ಅದನ್ನು ಕನಕಪುರದ ಮೇಲೆ ಬೆಂಗಳೂರಿಗೆ ಕೂಡಿಸುವುದು ಇದರ ಉದ್ದೇಶ. ಮಂಜೂರಾತಿಯ ಕಾಗದ ಹಳೆಯದಾಯಿತು. ಕನಕಪುರಕ್ಕೆ ರೈಲು ಬರಲಿಲ್ಲ.

ಮೇಲಿನ ಲೆಕ್ಕದಂತೆ 142 ಕಿಲೋಮೀಟರಿಗೆ ಸಾವಿರ ಎಕರೆಗೂ ಹೆಚ್ಚು ನೆಲ ಬೇಕು. ಈ ನಡುವೆ ಕನಕಪುರ ರಸ್ತೆಯ ಎರಡು ಕಡೆಯೂ ಬೆಂಗಳೂರು ಬೆಳೆದಿದೆ. ರೇಷ್ಮೆ ಸಂಸ್ಥೆಯವರೆಗೆ 2021ರಲ್ಲಿ ಮೆಟ್ರೋ ರೈಲೇ ಬಂದಿದೆ. ಹಿಪ್ಪುನೇರಳೆಯ ತೋಟಗಳಿದ್ದಲ್ಲಿ ನಿವೇಶನದ ಕಲ್ಲುಗಳು ನಿಂತಿವೆ. ಹಳಿ ಹಾಕುವ ಮೊದಲೇ, ಹಳಿಯ ನೆಲ ಕೈತಪ್ಪುವ ದಾರಿ ಇದು. ತರೀಕೆರೆಯ ಕಿರುರೈಲು ಓಡಿ ಅಳಿಯಿತು. ಕನಕಪುರದ ರೈಲು ಓಡುವ ಮುನ್ನವೇ ಅಳಿದೀತು ಎಂಬುದೇ ಚಿಂತೆಯ ವಿಷಯ.

ಇಲ್ಲಿ ರೈತನ ಮಾತನ್ನೂ ಕೇಳಬೇಕು. ‘ನಿನ್ನ ಹೊಲದಲ್ಲಿ ಮುಂದೆಂದೋ ರೈಲು ಬರುತ್ತದೆ’ ಎಂದು ಹೇಳಿ, ಹಣವನ್ನೂ ಕೊಡದೆ, ಮನೆ ಕಟ್ಟಲೂ ಬಿಡದೆ, ಮಾರಲೂ ಬಿಡದೆ ವರ್ಷಗಟ್ಟಲೆ ಕೂಡಿಸುವುದು ನ್ಯಾಯವಲ್ಲ. ಮಗಳ ಮದುವೆಗೋ ಮಗನ ಓದಿಗೋ ಎರಡು ಗುಂಟೆ ಮಾರಬೇಕಾದವನಿಗೆ ನಕ್ಷೆಯ ಮೇಲಿನ ಗೆರೆಯೊಂದು ಕೈಗೆ ಬೇಡಿಯಾಗಬಾರದು. ದಾರಿಯನ್ನು ಉಳಿಸುವುದೆಂದರೆ ಗೆರೆ ಎಳೆದು ಸುಮ್ಮನಿರುವುದಲ್ಲ. ಗೆರೆಯನ್ನು ಒಮ್ಮೆ ನಿಶ್ಚಯಿಸಿ, ನೆಲಕ್ಕೆ ತಕ್ಕ ಬೆಲೆಯನ್ನು ಬೇಗ ಕೊಟ್ಟು, ಪಟ್ಟಿಯನ್ನು ಕೊಂಡು ಇಡುವುದು. ರೈಲು ತಡವಾದರೂ ಆಗಲಿ, ಹಣ ತಡವಾಗಬಾರದು. ಕೊಳ್ಳುವ ಮನಸ್ಸಿಲ್ಲವಾದರೆ ಗೆರೆಯನ್ನು ಅಳಿಸಿ ರೈತನನ್ನು ಬಿಡುಗಡೆ ಮಾಡಬೇಕು.

ಹಾಗೆಂದು ಎಲ್ಲ ದಾರಿಗಳೂ ಉಳಿಸಲು ಯೋಗ್ಯವೆಂದಲ್ಲ. ಕಾಡಿನ ಮರ ಸಾಗಿಸಲೆಂದೇ ಹಾಕಿದ ಹಳಿ, ಮರ ಕಡಿಯುವುದು ನಿಂತ ಮೇಲೆ ಹೋದರೆ ಅಳಬೇಕಾಗಿಲ್ಲ. ಒಂದು ದಾರಿಯ ಯೋಗ್ಯತೆಯನ್ನು ನೋಡುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಅದು ಎರಡು ಮುಖ್ಯ ದಾರಿಗಳನ್ನು ಸೇರಿಸುತ್ತದೆಯೇ, ಅಥವಾ ಮೂಲೆಯಲ್ಲಿ ಮುಗಿಯುತ್ತದೆಯೇ? ಅದರ ಪಕ್ಕದ ಊರುಗಳು ಬೆಳೆಯುತ್ತಿವೆಯೇ? ಒಮ್ಮೆ ಬಿಟ್ಟರೆ ಬದಲಿ ಗೆರೆ ಸಿಗುತ್ತದೆಯೇ? ಕವಲಿನಿಂದ ಮುಖ್ಯ ದಾರಿಗೆ ಬರುವ ಪ್ರಯಾಣಿಕರನ್ನು ಲೆಕ್ಕದಲ್ಲಿ ಸೇರಿಸಿದ್ದಾರೆಯೇ? ಕೋಲಾರದ ದಾರಿಗೆ ಈ ಪ್ರಶ್ನೆಗಳನ್ನು ಹಾಕಿ ನೋಡಿ. ಎರಡು ತುದಿಯಲ್ಲಿಯೂ ಮುಖ್ಯ ದಾರಿ, ನಡುವೆ ಮೂರು ದೊಡ್ಡ ಪಟ್ಟಣಗಳು. ಉಳಿಸಿದುದು ಸರಿಯಾಯಿತು. ಕನಕಪುರದ ಗೆರೆಯೂ ಎರಡು ತುದಿಯಲ್ಲಿ ರೈಲನ್ನು ಮುಟ್ಟುತ್ತದೆ, ನಡುವಣ ಪಟ್ಟಣಗಳಿಗೆ ಬೇರೆ ರೈಲಿಲ್ಲ. ಬಸ್ಸುಗಳಿವೆಯಲ್ಲ ಎನ್ನಬಹುದು. ಬೆಳಗಿನ ಹೊತ್ತು ಕನಕಪುರ ರಸ್ತೆಯಲ್ಲಿಯೋ ಮಾಗಡಿ ರಸ್ತೆಯಲ್ಲಿಯೋ ಬೆಂಗಳೂರಿಗೆ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಇದರ ಉತ್ತರವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇದರಲ್ಲಿ ನೀವು ಮಾಡಬಹುದಾದುದೇನು? ಪ್ರತಿಯೊಂದು ಪಟ್ಟಣಕ್ಕೂ ಮುಂದಿನ ಬೆಳವಣಿಗೆಯ ನಕ್ಷೆಯೊಂದು ಇರುತ್ತದೆ. ಅದನ್ನು ಗೊತ್ತುಮಾಡುವ ಮೊದಲು ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯುವ ಪದ್ಧತಿಯೂ ಉಂಟು. ಕನಕಪುರದವರಾಗಲಿ ಮಾಗಡಿಯವರಾಗಲಿ ಆ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ, ರೈಲಿನ ಗೆರೆ ಅದರಲ್ಲಿದೆಯೇ ಎಂದು ಕೇಳಬೇಕು. ಇದ್ದರೆ, ಆ ಗೆರೆಯ ಮೇಲೆ ಬಡಾವಣೆಗೆ ಅಪ್ಪಣೆ ಹೇಗೆ ಸಿಗುತ್ತಿದೆ ಎಂದು ಕೇಳಬೇಕು. ಇಲ್ಲದಿದ್ದರೆ, ಏಕಿಲ್ಲ ಎಂದು ಕೇಳಬೇಕು. ರಾಮನಗರ, ಚನ್ನಪಟ್ಟಣಗಳವರು ತಮಗೆ ದಾರಿಯಿದೆಯೆಂದು ಸುಮ್ಮನಿರದೆ ನೆರೆಯವರ ಜೊತೆಗೆ ದನಿಗೂಡಿಸಬೇಕು. ಕವಲು ಬಂದರೆ ಕಾಂಡಕ್ಕೂ ಬಲ.

ರೈಲು ಯಾವಾಗ ಓಡಬೇಕು, ಎಷ್ಟು ಓಡಬೇಕು ಎಂಬುದನ್ನು ಆಯಾ ಕಾಲದ ಲೆಕ್ಕ ನಿಶ್ಚಯಿಸಲಿ. ದಾರಿಯ ನೆಲವನ್ನು ಮಾತ್ರ ಒಂದು ವರ್ಷದ ಲೆಕ್ಕಕ್ಕೆ ಒಪ್ಪಿಸಬಾರದು. 1882ರ ದಾರಿ ಇಂದಿನ ಪ್ರಯಾಣಿಕರನ್ನು ಹೊರುತ್ತಿದೆ. ನಾವು ಇಂದು ಉಳಿಸಿದ ಗೆರೆಯ ಮೇಲೆ ಯಾವ ರೈಲು ಓಡೀತೋ ನಮಗೆ ತಿಳಿಯದು. ಓಡಲು ನೆಲವಿತ್ತೇ ಎಂದು ಮುಂದಿನವರು ಕೇಳುವರು ಎಂಬುದಂತೂ ನಿಶ್ಚಯ.